ಸ್ಕಿಡ್ ಟ್ರೇಲರ್ ಮತ್ತು ರೋಲರ್ ಟ್ರೇಲರ್: ಒಂದೇ ದೋಣಿಯನ್ನು ಎರಡರ ಮೇಲೂ ಇಟ್ಟು ನೋಡಿದ್ದು

ಮೆಲ್ಬರ್ನ್‌ನವರಿಗೆ ಮೀನು ಹಿಡಿಯಲು ಎರಡು ಕೊಲ್ಲಿಗಳಿವೆ. ಪೋರ್ಟ್ ಫಿಲಿಪ್‌ನಲ್ಲಿ ಉಬ್ಬರ ಇಳಿತದ ವ್ಯತ್ಯಾಸ 1 ಮೀಟರ್ ಕೂಡ ಇರುವುದಿಲ್ಲ. ಪಕ್ಕದ ವೆಸ್ಟರ್ನ್ ಪೋರ್ಟ್‌ನಲ್ಲಿ ಅದು 2 ಮೀಟರ್ ದಾಟುತ್ತದೆ. ಯಾವ ಟ್ರೇಲರ್ ಬೇಕು ಅನ್ನುವುದರಲ್ಲಿ ಅರ್ಧ ಇಲ್ಲೇ ತೀರ್ಮಾನ ಆಗಿಬಿಡುತ್ತದೆ.

ನನ್ನದು 5 ಮೀಟರ್ ಫೈಬರ್‌ಗ್ಲಾಸ್ ದೋಣಿ, ವಿ ಆಕಾರದ ತಳ. ಮೊದಲು ಇದ್ದದ್ದು ಸ್ಕಿಡ್ ಟ್ರೇಲರ್. ಉದ್ದದ ಮರದ ಪಟ್ಟಿಗಳು, ಮೇಲೆ ಕಾರ್ಪೆಟ್, ಅಷ್ಟೇ. ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಹೈವೇಯಲ್ಲಿ ದೋಣಿ ಅಲುಗಾಡುವುದಿಲ್ಲ. ತಳದ ಬಗ್ಗೆ ತಲೆಕೆಡಿಸಿಕೊಳ್ಳುವುದು ಕಡಿಮೆ. ತೊಂದರೆ ನೀರಿಗಿಳಿಸುವಾಗ. ದೋಣಿ ತೇಲಬೇಕಾದರೆ ಟ್ರೇಲರನ್ನು ಆಳಕ್ಕೆ ಇಳಿಸಬೇಕು, ಚಕ್ರದ ಹಬ್ (ಬೇರಿಂಗ್ ಇರುವ ನಡುಭಾಗ) ಮುಳುಗುತ್ತದೆ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಬೇರಿಂಗ್ ತುಕ್ಕು. ಇಳಿತದ ಹೊತ್ತಿಗೆ ವೆಸ್ಟರ್ನ್ ಪೋರ್ಟ್‌ಗೆ ಹೋದರಂತೂ ದೋಣಿ ಇಳಿಸುವ ಇಳಿಜಾರಿನ ಕಾಂಕ್ರೀಟ್ ಮುಗಿದು ಕೆಸರೇ ಸಿಗಬಹುದು.

ರೋಲರ್ ಟ್ರೇಲರ್‌ನಲ್ಲಿ ಪಟ್ಟಿಗಳ ಬದಲು ತಿರುಗುವ ಉರುಳೆಗಳಿರುತ್ತವೆ, ಹಬ್ ನೆನೆಸದೆ ಕೆಲಸ ಮುಗಿಯುತ್ತದೆ. ದೋಣಿ ತಾನೇ ಜಾರುತ್ತದೆ, ಅದಕ್ಕೇ ನೀರಿನಂಚಿಗೆ ಬರುವ ತನಕ ದೋಣಿಯನ್ನು ಎಳೆದು ಹಿಡಿಯುವ ವಿಂಚ್‌ನ ಕೊಕ್ಕೆ, ಸೇಫ್ಟಿ ಚೈನ್ ಬಿಚ್ಚಬಾರದು. ಆದರೆ ಭಾರವೆಲ್ಲ ಸಣ್ಣ ಸಣ್ಣ ಜಾಗಗಳ ಮೇಲೆ ಬೀಳುತ್ತದೆ. ಜೋಡಣೆ ಸರಿಯಿಲ್ಲದಿದ್ದರೆ ತಳ ಒಳಕ್ಕೆ ತಗ್ಗುತ್ತದೆ.

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಟ್ರೇಲರ್ ಹಾಗೇ ಇತ್ತು. ಪಕ್ಕದ ರೋಲರ್‌ಗಳು ಎತ್ತರಕ್ಕಿದ್ದವು, ಕೀಲ್, ಅಂದರೆ ತಳದ ನಡುವಿನ ಉದ್ದ ಏಣು, ಗಾಳಿಯಲ್ಲಿತ್ತು. ಯು-ಬೋಲ್ಟ್ ಸಡಿಲಿಸಿ ಪಕ್ಕದವನ್ನು ಇಳಿಸಿದೆ. ಭಾರ ಹೊರಬೇಕಾದ್ದು ಕೀಲ್ ಕೆಳಗಿನ ರೋಲರ್‌ಗಳು. ಪಕ್ಕದವು ದೋಣಿ ವಾಲದಂತೆ ಹಿಡಿದರೆ ಸಾಕು, ಅದೂ ಒಳಗಿನ ಉದ್ದ ತೊಲೆಗಳ ನೇರಕ್ಕಿರಬೇಕು, ತೆಳು ಜಾಗದಲ್ಲಿ ಅಲ್ಲ. ಪರೀಕ್ಷೆ ಸುಲಭ. ದೋಣಿ ಕೂತಿರುವಾಗ ಕೀಲ್ ರೋಲರ್ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಅದು ಸುಮ್ನೆ ನಿಂತಿದೆ ಎಂದೇ ಅರ್ಥ.

ಎಲ್ಲಕ್ಕಿಂತ ಮುಖ್ಯ ಹಿಂಬದಿ. ಎಂಜಿನ್ ನೇತಾಡುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್‌ನ ಕೆಳಗೇ ಕೊನೆಯ ರೋಲರ್‌ಗಳಿರಬೇಕು. 90 ಎಚ್‌ಪಿ ಫೋರ್‌ಸ್ಟ್ರೋಕ್ ಅಂದರೆ 150 ಕಿಲೋ ಮೇಲೆಯೇ, ಅಲ್ವಾ? ಆಧಾರವಿಲ್ಲದೆ ಹಿಂದೆ ಚಾಚಿಕೊಂಡಿದ್ದರೆ ತಳ ನಿಧಾನವಾಗಿ ಕೆಳಕ್ಕೆ ಬಾಗುತ್ತದೆ. ಹಾಗೆ ಬಾಗಿದ ದೋಣಿ ವೇಗದಲ್ಲಿ ಮೂತಿ ತಗ್ಗಿಸುತ್ತದೆ. ನನ್ನದೂ ಹಿಂದಕ್ಕೆ ಚಾಚಿಕೊಂಡಿತ್ತು, ಸರಿಪಡಿಸಲು ವಿಂಚ್ ಕಂಬವನ್ನೇ ಮುಂದಕ್ಕೆ ಸರಿಸಬೇಕಾಯಿತು. ಆಗ ಟೋಬಾಲ್ (ಟ್ರೇಲರ್ ಸಿಕ್ಕಿಸುವ ಕಾರಿನ ಹಿಂದಿನ ಗುಂಡು) ಮೇಲಿನ ಭಾರ ಜಾಸ್ತಿಯಾಯಿತು. ಅದು ಒಟ್ಟು ತೂಕದ ಸುಮಾರು 10% ಇರಬೇಕೆಂದು ಆಕ್ಸಲ್ ಕೂಡ ಜರುಗಿಸಿದೆ. ಕಿರಿಕಿರಿಯ ಕೆಲಸ, ಒಪ್ಪುತ್ತೇನೆ.

ಕಪ್ಪು ರಬ್ಬರ್ ರೋಲರ್ ತಳಕ್ಕೆ ಮಸಿ ಹಚ್ಚುತ್ತದೆ, ಪಾಲಿಯುರೆಥೇನ್ ಹಚ್ಚುವುದಿಲ್ಲ. ಪಿನ್ ತುಕ್ಕು ಹಿಡಿದು ರೋಲರ್ ನಿಂತುಹೋದರೆ ಅದಕ್ಕಿಂತ ಸ್ಕಿಡ್ಡೇ ವಾಸಿ.

ಪೋರ್ಟ್ ಫಿಲಿಪ್‌ಗೆ ಮಾತ್ರ ಹೋಗುವ ಪುಟ್ಟ ಅಲ್ಯೂಮಿನಿಯಂ ದೋಣಿಗೆ ನಾನು ಸ್ಕಿಡ್ ಅನ್ನೇ ಹೇಳುತ್ತೇನೆ. ನನಗೆ ವೆಸ್ಟರ್ನ್ ಪೋರ್ಟ್‌ನ ವೈಟಿಂಗ್ ಮೀನು ಬೇಕು, ಹಾಗಾಗಿ ರೋಲರ್. ನೀವು ಹಳೆಯದನ್ನು ಕೊಳ್ಳುವುದಾದರೆ ಖಾಲಿ ಟ್ರೇಲರ್ ನೋಡಿ ಬೆಲೆ ಮಾತಾಡಬೇಡಿ. ದೋಣಿ ಕೂರಿಸಿ, ಹಿಂದೆ ಹೋಗಿ ಬಗ್ಗಿ ನೋಡಿ, ಆಮೇಲೆ ದುಡ್ಡಿನ ಮಾತು.