ಒಂಬತ್ತು ವರ್ಷ ಎಫ್‌ಡಿ ಇಟ್ಟ ಮೇಲೆ: ಒಂದೇ ದೊಡ್ಡ ಬಾಂಡ್ ಮಾತ್ರ ಮಾಡಿಸಬೇಡಿ

ನಾನು ಮೊದಲ ಎಫ್‌ಡಿ (ಬ್ಯಾಂಕಿನ ನಿಶ್ಚಿತ ಅವಧಿಯ ಠೇವಣಿ) ಮಾಡಿಸಿದ್ದು 2016ರಲ್ಲಿ. ಇವತ್ತಿಗೂ ನನ್ನ ಉಳಿತಾಯದ ಮುಕ್ಕಾಲು ಪಾಲು ಎಫ್‌ಡಿಯಲ್ಲೇ ಇದೆ. ಅವಧಿ ಮುಗಿದಾಗ ಎಷ್ಟು ಬರುತ್ತದೆ ಅನ್ನೋದು ಮೊದಲ ದಿನವೇ ಬಾಂಡಿನ ಮೇಲೆ, ಅಂದರೆ ಬ್ಯಾಂಕ್ ಕೊಡುವ ಎಫ್‌ಡಿ ಪತ್ರದ ಮೇಲೆ, ಅಚ್ಚಾಗಿರುತ್ತದೆ, ಆ ನೆಮ್ಮದಿ ನನಗೆ ಬೇಕು.

ಬಡ್ಡಿಯನ್ನು ಕೈಗೆ ತೆಗೆದುಕೊಳ್ಳದೆ ಅಲ್ಲೇ ಬಿಟ್ಟರೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದು ಅಸಲಿಗೆ ಸೇರುತ್ತದೆ, ಮುಂದಕ್ಕೆ ಅದಕ್ಕೂ ಬಡ್ಡಿ. ಶೇ. 7ರಂತೆ 1 ಲಕ್ಷ ಇಟ್ಟರೆ ಐದು ವರ್ಷಕ್ಕೆ ಸುಮಾರು 1,41,478 ರೂಪಾಯಿ. ಬರೀ ಸರಳ ಬಡ್ಡಿ ಆಗಿದ್ದರೆ 1,35,000 ಅಷ್ಟೇ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. 2019ರಲ್ಲಿ 3 ಲಕ್ಷವನ್ನು ಒಂದೇ ಬಾಂಡಿನಲ್ಲಿ ಐದು ವರ್ಷಕ್ಕೆ ಹಾಕಿದ್ದೆ. ಒಂದೂವರೆ ವರ್ಷಕ್ಕೆ ಅಮ್ಮನ ಮಂಡಿ ಆಪರೇಷನ್ ಬಂತು, 80 ಸಾವಿರ ಕಮ್ಮಿ ಬಿತ್ತು. ಬಾಂಡಿನ ಹಿಂದೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿಕೊಂಡರು, ಇಡೀ 3 ಲಕ್ಷ ಮುರಿದುಹೋಯಿತು. ಐದು ವರ್ಷದ ದರ ಸಿಗಲಿಲ್ಲ. ದುಡ್ಡು ಇದ್ದ ಒಂದೂವರೆ ವರ್ಷಕ್ಕೆ ಯಾವ ದರವೋ ಅದರಲ್ಲೂ ಶೇ. 1 ಕಡಿತ. ಅದೇ ಬಾಂಡಿನ ಮೇಲೆ ಸಾಲ ಸಿಗುತ್ತದೆ, ಬಡ್ಡಿ ಎಫ್‌ಡಿ ದರಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ ಅಂತ ಕೌಂಟರಿನಲ್ಲಿ ಒಬ್ಬರೂ ಹೇಳಲಿಲ್ಲ. ಅದು ನನಗೆ ಈಗಲೂ ಬೇಜಾರು. 80 ಸಾವಿರಕ್ಕೆ ಸಾಲ ತಗೊಂಡಿದ್ದರೆ ಇಡೀ 3 ಲಕ್ಷ ಸುಮ್ನೆ ಬೆಳೀತಿತ್ತು ಅಲ್ವಾ?

ಅಲ್ಲಿಂದ ಮುಂದೆ 1 ಲಕ್ಷದಂತೆ ಬೇರೆ ಬೇರೆ ಬಾಂಡ್ ಮಾಡಿಸುತ್ತೇನೆ, ವರ್ಷಕ್ಕೊಂದು ಮುಗಿಯುವ ಹಾಗೆ. ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷ ದಾಟಲು ಬಿಡುವುದಿಲ್ಲ, ಯಾಕೆಂದರೆ ಠೇವಣಿ ವಿಮೆ (ಬ್ಯಾಂಕ್ ಮುಳುಗಿದರೆ ನಮ್ಮ ದುಡ್ಡಿಗೆ ಇರುವ ರಕ್ಷಣೆ) ಇರುವುದು ಅಷ್ಟಕ್ಕೇ. 2020ರ ಫೆಬ್ರವರಿಗೆ ಮುಂಚೆ ಅದು 1 ಲಕ್ಷ ಮಾತ್ರ ಇತ್ತು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಹಂಚಿಟ್ಟರೂ ಎಲ್ಲ ಸೇರಿಸಿಯೇ ಲೆಕ್ಕ.

ತೆರಿಗೆ ಬಗ್ಗೆ ಒಂದು ಮಾತು. ಬ್ಯಾಂಕಿನವರು ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲಿಲ್ಲ ಅಂದಮಾತ್ರಕ್ಕೆ ಬಡ್ಡಿಗೆ ತೆರಿಗೆ ಇಲ್ಲ ಅಂದುಕೊಳ್ಳಬೇಡಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಅವಧಿ ಮುಗಿಯುವ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ. ತಾನಾಗೇ ನವೀಕರಣ ಆಗುವ ಹಾಗೆ ಬರೆದುಕೊಡದಿದ್ದರೆ, ಆಮೇಲೆ ಸಿಗುವುದು ಹೆಚ್ಚೆಂದರೆ ಉಳಿತಾಯ ಖಾತೆಯ ಬಡ್ಡಿ.

ನನ್ನ ಮುಂದಿನ ಬಾಂಡ್ ಯುಗಾದಿ ಹೊತ್ತಿಗೆ ಮುಗಿಯುತ್ತದೆ. ಆ ದುಡ್ಡನ್ನು ಅಮ್ಮನ ಹೆಸರಿನಲ್ಲಿ ಇಡುತ್ತೇನೆ, 60 ದಾಟಿದವರಿಗೆ ನಮ್ಮ ಬ್ಯಾಂಕಿನಲ್ಲಿ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ.