ರೂಟನ್ನು ರೂಟಾಗಿಯೇ ತೋರಿಸುವ ಕ್ಯಾಲ್ಕುಲೇಟರ್: ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್

ತುಮಕೂರಿನ ಕ್ಯಾತ್ಸಂದ್ರದಲ್ಲಿ, ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಉತ್ತರ ತಾಳೆ ನೋಡಲು ಇಷ್ಟು ದಿನ ಹಳೇ ಎಫ್‌ಎಕ್ಸ್-82ಎಂಎಸ್ ಇತ್ತು. √8 + √18 (√ ಅಂದರೆ ರೂಟು, ವರ್ಗಮೂಲ) ಒತ್ತಿದರೆ ಅದು 7.071067812 ಅನ್ನುತ್ತದೆ. ತಪ್ಪೇನಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿರುವ 5√2 ಸರಿಯಾ ಅಂತ ತಿಳಿಯಲು ಅದನ್ನೂ ಒತ್ತಿ ನೋಡಬೇಕು. ರಾಶಿ ನೋಟ್‌ಬುಕ್ ಮುಂದಿದ್ದಾಗ ಸಾಕಾಗಿಹೋಗುತ್ತದೆ. ಅದಕ್ಕೇ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಈ 991 ತಗೊಂಡೆ. ಸಾವಿರದ ಮೇಲಾಗುತ್ತದೆ.

ಇದು ನೇರವಾಗಿ 5√2 ಅಂತಲೇ ತೋರಿಸುತ್ತದೆ. ಎಸ್-ಡಿ ಕೀ ಒತ್ತಿದರೆ ದಶಮಾಂಶ, ಮತ್ತೆ ಒತ್ತಿದರೆ ರೂಟು. ಕೊಟ್ಟ ದುಡ್ಡು ನನ್ನ ಪಾಲಿಗೆ ಈ ಒಂದು ಕೀಗೇ ಸರಿಹೋಯಿತು. ಯಾಕೆಂದರೆ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಒಳಗಿನದನ್ನೇ ಕೂಡಿ √26 ಅಂತ ಬರೆದಿರುತ್ತಾರೆ. ಈಗ ನಾನು ಬೈಯೋದಿಲ್ಲ. √26 ಒತ್ತಿ, ಆಮೇಲೆ ಎಸ್-ಡಿ ಕೀ ಒತ್ತಲು ಹೇಳುತ್ತೇನೆ. 5.099019514 ಬರುತ್ತದೆ. 'ಏಳು ಎಲ್ಲಿ, ಐದು ಎಲ್ಲಿ?' ಅಂತ ಅವರೇ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಬಿಡಿಸುವುದು ಸುಲಭ: 8 ಅಂದರೆ 4×2, ಆದ್ದರಿಂದ 2√2. 18 ಅಂದರೆ 9×2, ಆದ್ದರಿಂದ 3√2. ಒಳಗೆ ಉಳಿದ ಸಂಖ್ಯೆ ಒಂದೇ ಆದ್ದರಿಂದ ಹೊರಗಿನ 2 ಮತ್ತು 3 ಕೂಡಬಹುದು. ಕಳೆಯುವಾಗಲೂ ಅಷ್ಟೇ, √75 − √12 ಅಂದರೆ 5√3 − 2√3, ಉತ್ತರ 3√3.

ಒಂದು ಮಿತಿ ಇದೆ, ಕೈಪಿಡಿಯಲ್ಲೇ ಹೇಳಿದ್ದಾರೆ. ಉತ್ತರದಲ್ಲಿ ಎರಡು ಪದ ಇರುವವರೆಗೆ ಮಾತ್ರ ರೂಟು ಕಾಣುತ್ತದೆ. √2 + √3 + √8 ಕೊಟ್ಟರೆ √3 + 3√2 ಬರುತ್ತದೆ. √2 + √3 + √6 ಕೊಟ್ಟರೆ ಮೂರು ಪದ ಉಳಿಯುತ್ತವೆ, ಆಗ ಸೀದಾ 5.595754113. ಇದನ್ನು ನೋಡಿ ಒಬ್ಬಳು, 'ಮಿಸ್, ಒಳಗಿನದು ಬೇರೆ ಬೇರೆ ಇದ್ರೆ ಕೂಡೋಕಾಗಲ್ಲ ಅಂದ್ರಿ ನೀವು, ಇದು ಕೂಡಿಬಿಡ್ತಲ್ಲ!' ಅಂದಳು. ಒಳ್ಳೆ ಪ್ರಶ್ನೆನೇ, ಅಲ್ವಾ? ಅದು ಅಂದಾಜು ಬೆಲೆ, ನಿಖರವಾಗಿ ಬರೆಯಬೇಕಾದರೆ ಮೂರನ್ನೂ ಹಾಗೇ ಬಿಡಬೇಕು ಅಂತ ವಿವರಿಸುವುದರಲ್ಲೇ ಆ ದಿನದ ಕ್ಲಾಸು ಮುಗಿಯಿತು.

ಹೊಸಬರಿಗೆ ಎರಡು ಮಾತು. √ ಕೀ ಒತ್ತಿ 8 ಒತ್ತಿದ ಮೇಲೆ ಬಲಬಾಣದ ಕೀ ಒತ್ತಿ ರೂಟಿನಿಂದ ಹೊರಗೆ ಬರಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಅದೇ ರೂಟಿನೊಳಗೆ ಸೇರಿಕೊಳ್ಳುತ್ತದೆ. ಬರೀ ದಶಮಾಂಶವೇ ಬರುತ್ತಿದ್ದರೆ ಯಾರೋ ಸೆಟಿಂಗ್ ಬದಲಿಸಿರುತ್ತಾರೆ. ಶಿಫ್ಟ್, ಮೋಡ್ ಒತ್ತಿ 'ಮ್ಯಾಥ್ ಐಒ' ಆರಿಸಿಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಉತ್ತರ ಕೊಡುತ್ತದೆ, ಹಂತ ತೋರಿಸುವುದಿಲ್ಲ. ನನ್ನಂತೆ ಪಾಠ ಮಾಡುವವರಿಗೆ ಅದೇನೂ ಕೊರತೆಯಲ್ಲ. 'ನಮ್ಮ ಹುಡುಗನಿಗೂ ಒಂದು ಕೊಡಿಸೋಣ್ವಾ ಮಿಸ್?' ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ಮಾತ್ರ ಸದ್ಯಕ್ಕೆ ಬೇಡ ಅನ್ನುತ್ತೇನೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯೊಳಗೆ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಅಂಕ ಸಿಗುವುದು ಹಂತ ಬರೆದವರಿಗೆ. ಎಂಜಿನಿಯರಿಂಗ್ ಸೇರಿದರೆ ಹೇಗಿದ್ದರೂ ತಗೊಳ್ಳಲೇಬೇಕು, ಆಗ ಕೊಡಿಸಿ.