ತಲೆಗೆ 700 ರೂಪಾಯಿ ಉಳಿಸಲು ಹೋಗಿ: ಒಂದೇ ದಿನದಲ್ಲಿ ಕರಾವಳಿ ನೋಡಿ ಬರಲು ಹೊರಡುವವರ ಗಮನಕ್ಕೆ

ದಾವಣಗೆರೆಯಿಂದ ನಸುಕಿನಲ್ಲೇ ಹೊರಟು, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಯ ಕಾಡು ಕಂಡು, ಘಟ್ಟ ಇಳಿದು ಉಡುಪಿ, ಮಲ್ಪೆ ಮುಗಿಸಿ, ಸಂಜೆ ಮಂಗಳೂರು ಸುತ್ತಿ ಅದೇ ರಾತ್ರಿ ಮನೆ ಸೇರುವ ಯೋಜನೆ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಜನವರಿಯ ಒಂದು ಭಾನುವಾರ ನಾವು ಆರು ಮಂದಿ ಗೆಳೆಯರು ಹೊರಟಿದ್ದೂ ಹೀಗೆಯೇ. ಹೋಗಿ ಬರಲು ಸುಮಾರು 600 ಕಿಲೋಮೀಟರ್ ಆಗುತ್ತದೆ ಎಂಬ ಲೆಕ್ಕ ನಮಗೆ ಗೊತ್ತಿತ್ತು. ಅಷ್ಟು ದೂರವನ್ನು ಒಬ್ಬನೇ ಮನುಷ್ಯ ಓಡಿಸಬೇಕು ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಹಳದಿ ಬೋರ್ಡಿನ ಕಾರಿಗೆ ಚಾಲಕನ ಬಾಟಾ ಸೇರಿ 11,200 ರೂಪಾಯಿ ಕೇಳಿದ್ದರು. ಪರಿಚಯದವರೊಬ್ಬರ ಮೂಲಕ ಸಿಕ್ಕ ಬಿಳಿ ಬೋರ್ಡಿನ ಏಳು ಸೀಟಿನ ಕಾರು 7,000ಕ್ಕೆ ಒಪ್ಪಿತು. ಹೊರಡುವ ಮುನ್ನ ಮಾಲೀಕರು, "ದಾರಿಯಲ್ಲಿ ಯಾರಾದರೂ ಹಿಡಿದು ಕೇಳಿದರೆ ಸಂಬಂಧಿಕರ ಕಾರು ಅನ್ನಿ, ಬಾಡಿಗೆ ಅಂತ ಬಾಯಿ ಬಿಡಬೇಡಿ" ಎಂದರು. ನಾವು ನಕ್ಕು ತಲೆಯಾಡಿಸಿದೆವು. ಖಾಸಗಿಯಾಗಿ ನೋಂದಣಿಯಾದ, ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವಿರುವ ವಾಹನವನ್ನು ಬಾಡಿಗೆಗೆ ಓಡಿಸಲು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿ ಇಲ್ಲ ಎಂಬುದು ಗೊತ್ತಿಲ್ಲದವರೇನೂ ನಮ್ಮಲ್ಲಿರಲಿಲ್ಲ. ಆ ಸುಳ್ಳಿಗೆ ಒಪ್ಪಿದ ಕ್ಷಣದಲ್ಲಿಯೇ ಹಿಂದೆ ಸರಿಯಬೇಕಿತ್ತು.

ಬೆಳಿಗ್ಗೆ ನಾಲ್ಕಕ್ಕೆ ಹೊರಟ ಮೇಲೆ ನೋಡಿದ್ದಕ್ಕಿಂತ ಓಡಿದ್ದೇ ಹೆಚ್ಚು. ಸಕ್ರೆಬೈಲಿನಲ್ಲಿ ಆನೆಗಳನ್ನು ಅರ್ಧ ಗಂಟೆ ನೋಡಿದೆವು, ಆಗುಂಬೆಯಲ್ಲಿ ಇಳಿದದ್ದು ಫೋಟೋಗಾಗಿ. ಉಡುಪಿಯ ಊಟ ಮುಗಿಸಿ ಮಲ್ಪೆ ತಲುಪಿದಾಗ ಮೂರು ಗಂಟೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿದರೆ ಮಂಗಳೂರು ತಪ್ಪುತ್ತದೆಂದು, ಕಂಬ ನಿಲ್ಲಿಸಿದಂತಿರುವ ಅಲ್ಲಿನ ಬಂಡೆಗಳನ್ನು ನೋಡುವ ಆಸೆಯನ್ನು ದಡದಲ್ಲೇ ಬಿಟ್ಟೆವು. ಪಣಂಬೂರಿನಲ್ಲಿ ಸೂರ್ಯಾಸ್ತ, ಹಂಪನಕಟ್ಟೆಯ ವಾಹನ ದಟ್ಟಣೆ, ಗಡ್‌ಬಡ್ ಐಸ್‌ಕ್ರೀಮ್. ಮಂಗಳೂರು ಬಿಟ್ಟಾಗ ರಾತ್ರಿ ಒಂಬತ್ತು.

ಹೆಬ್ರಿಯಲ್ಲಿ ಚಹಾ ಕುಡಿಯುವಾಗ ಚಾಲಕ ಹುಡುಗ ತಾನಾಗಿಯೇ ಹೇಳಿದ: ಹಿಂದಿನ ದಿನ ಧರ್ಮಸ್ಥಳದ ಬಾಡಿಗೆ ಮುಗಿಸಿ ಮನೆ ಸೇರಿದಾಗ ಮಧ್ಯರಾತ್ರಿಯಾಗಿತ್ತಂತೆ, ಮಲಗಿದ್ದು ಮೂರೇ ಗಂಟೆಯಂತೆ. ಅವನಿಗೆ ಸಿಗುತ್ತಿದ್ದುದು ಟ್ರಿಪ್ಪಿಗೆ 800 ರೂಪಾಯಿ. ಅಲ್ಲಿಯೇ ಒಂದು ಕೋಣೆ ಹಿಡಿದು ಮಲಗೋಣ ಎಂದು ನಮ್ಮಲ್ಲೊಬ್ಬ ಅಂದ. ಸೋಮವಾರ ಕೆಲಸಕ್ಕೆ ಹೋಗಬೇಕಲ್ಲ ಎಂದು ಉಳಿದವರು, ಅವರಲ್ಲಿ ನಾನೂ ಒಬ್ಬ, ಒಪ್ಪಲಿಲ್ಲ. ಆಗುಂಬೆ ಘಟ್ಟದ 14 ಕಡಿದಾದ ತಿರುವುಗಳನ್ನು ಅವನು ಜಾಗರೂಕತೆಯಿಂದಲೇ ಹತ್ತಿಸಿದ. ಅಪಾಯ ಕಾದಿದ್ದುದು ಘಟ್ಟ ಕಳೆದ ಮೇಲೆ. ನಾವೆಲ್ಲ ನಿಶ್ಚಿಂತೆಯಿಂದ ನಿದ್ದೆಹೋದಾಗ, ತೀರ್ಥಹಳ್ಳಿ ದಾಟಿ ಮಂಡಗದ್ದೆಯ ಸಮೀಪ, ರಾತ್ರಿ ಒಂದೂಕಾಲರ ಹೊತ್ತಿಗೆ ಅವನಿಗೂ ಜೊಂಪು ಹತ್ತಿ, ಕಾರು ರಸ್ತೆ ಬಿಟ್ಟು ಚರಂಡಿಗಿಳಿದು ಮರಕ್ಕೆ ಬಡಿಯಿತು.

108ಕ್ಕೆ ಕರೆ ಮಾಡಿ ಶಿವಮೊಗ್ಗದ ಆಸ್ಪತ್ರೆ ಸೇರಿದೆವು. ಒಬ್ಬ ಗೆಳೆಯನ ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಬೇಕಾಯಿತು. ಖರ್ಚು 85,000 ರೂಪಾಯಿ. ಬೆಳಗಾಗುವಷ್ಟರಲ್ಲಿ ಬಂದ ಮಾಲೀಕರು ಮೊದಲು ಕೇಳಿದ್ದು, ಪೊಲೀಸರಿಗೆ ಬಾಡಿಗೆಯ ವಿಷಯ ಹೇಳಿದಿರಾ ಎಂದು. ಖಾಸಗಿ ಕಾರಿನ ವಿಮಾ ಪತ್ರದಲ್ಲಿ, ಬಾಡಿಗೆಗೆ ಬಳಸಿದರೆ ರಕ್ಷಣೆ ಇಲ್ಲವೆಂಬ ಷರತ್ತು ಇರುತ್ತದೆ. ನಿಜ ಹೇಳಿದರೆ ವಿಮೆಯ ಹಣಕ್ಕೆ ತಕರಾರು, ಸುಳ್ಳು ಹೇಳಿದರೆ ನಾವೇ ಅಪರಾಧದಲ್ಲಿ ಪಾಲುದಾರರು. ನಾವು ನಿಜವನ್ನೇ ಹೇಳಿದೆವು. ಚಿಕಿತ್ಸೆಯ ಹಣವನ್ನು ಈವರೆಗೆ ನಾವೇ ಹಂಚಿಕೊಂಡು ಭರಿಸಿದ್ದೇವೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಎನ್ನುತ್ತಿತ್ತು. ಐದು ಮಂದಿಗಿಂತ ಕಡಿಮೆ ಕಾರ್ಮಿಕರಿರುವ ಕಡೆ ಅದು ಅನ್ವಯಿಸುತ್ತಿರಲಿಲ್ಲ ನಿಜ, ಆದರೆ ನಿದ್ದೆಗೆ ಆ ವಿನಾಯಿತಿ ತಿಳಿಯದು. ನಮ್ಮ ಹುಡುಗ ಅಂದು 21 ಗಂಟೆಗಳಿಂದ ನಮ್ಮ ಜೊತೆಯಲ್ಲಿದ್ದ.

ಆದ್ದರಿಂದ ಮುಂಗಡ ಕೊಡುವ ಮುನ್ನ ವಾಹನದ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ಅದರ ವರ್ಗ ಮತ್ತು ವಿಮೆಯ ಅವಧಿ ನೋಡಿಕೊಳ್ಳಿ. ಚಾಲಕ ಹಿಂದಿನ ದಿನ ಎಲ್ಲಿಗೆ ಹೋಗಿದ್ದ ಎಂದು ಮಾಲೀಕರನ್ನಲ್ಲ, ಅವನನ್ನೇ ಕೇಳಿ. ಕಾಡು, ಕಡಲು, ಪಟ್ಟಣ ಮೂರೂ ಬೇಕೆಂದರೆ ಉಡುಪಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಹಗಲಿನಲ್ಲಿಯೇ ಘಟ್ಟ ಹತ್ತಿ. ಒಂದೇ ದಿನವೆಂದರೆ ಮಂಗಳೂರನ್ನು ಕೈಬಿಡಿ.

ಆ ಕಾರು ದುರಸ್ತಿಯಾಗಿದೆ. ಕಳೆದ ಶನಿವಾರ ನಸುಕಿನಲ್ಲಿ ಹದಡಿ ರಸ್ತೆಯಲ್ಲಿ ಐದಾರು ಹುಡುಗರು ಅದಕ್ಕೆ ಬ್ಯಾಗು ತುಂಬುತ್ತಿದ್ದರು. ಬೋರ್ಡ್ ಇನ್ನೂ ಬಿಳಿಯದೇ.